ಕಿಟ್ವೆಯ ಗಂಟೆ

ಸುಟ್ಟ ಮೋಟಾರು ಬಿಚ್ಚಿದರೆ ಮೊದಲು ವಾಸನೆ,
ಆಮೇಲೆ ಕಪ್ಪು. ಆ ಕಪ್ಪನ್ನು
ಉಗುರಿನಿಂದ ಕೆರೆದರೆ ಕೆಂಪು.
ಕುಂಬಳೆಯ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ
ಈ ಕೆಂಪು ಬಿಚ್ಚಿ, ಈ ಕೆಂಪು ಸುತ್ತಿ ಉಂಡವನು ನಾನು.
ಎಲ್ಲಿಯದು ಎಂದು ಕೇಳಿದ್ದಿಲ್ಲ.
ಉಪ್ಪಿನ ಊರು ಯಾರು ಕೇಳುತ್ತಾರೆ?

ಕೇಳಿಸಿದವರು ಬೊನಿಫಾಸ್ ಮಾಸ್ಟ್ರು.
ಎಪ್ಪತ್ತೊಂದರಲ್ಲಿ ಬೊಂಬಾಯಿಯ ಹಡಗು ಹತ್ತಿ
ಜಾಂಬಿಯಾಕ್ಕೆ ಲೆಕ್ಕ ಕಲಿಸಲು ಹೋದವರು,
ಹದಿನೇಳು ವರ್ಷ ಕಿಟ್ವೆ ಎಂಬ ಗಣಿಪೇಟೆಯಲ್ಲಿ.
ಪಂಪು ರಿಪೇರಿಗೆ ತಂದರೆ ಬೆಂಚು ಬಿಟ್ಟು ಏಳರು.
"ತನಿಯಪ್ಪಾ, ನಿನ್ನ ಕೈಯಲ್ಲಿರುವ ವಯರು
ನನ್ನ ಹಳೆಯ ಸಂಬಳ ಮಾರಾಯ."

ಮೊದಲ ವರ್ಷಗಳು ಚಂದವಂತೆ.
ಶಾಲೆಗೆ ಗಾಜಿನ ಕಿಟಕಿ, ಆಸ್ಪತ್ರೆಯಲ್ಲಿ ಪುಕ್ಕಟೆ ಮದ್ದು.
ಒಂದು ದಿನ ಲಂಡನ್ನಿನಲ್ಲಿ ಯಾರೋ
ಫೋನು ಕೆಳಗಿಟ್ಟರು. ಅಷ್ಟೆ.
ಗಣಿಯಲ್ಲಿ ಯಾರೂ ಸೋಮಾರಿಯಾಗಲಿಲ್ಲ,
ನೆಲದಲ್ಲಿ ಅದಿರು ಮುಗಿಯಲಿಲ್ಲ,
ಅಂಗಡಿಯಲ್ಲಿ ಸಾಬೂನು ಮುಗಿಯಿತು.
ಜೋಳದ ಹಿಟ್ಟಿಗೆ ನಸುಕಿನ ನಾಲ್ಕಕ್ಕೇ ಸಾಲು.
ಸಾಲಿಗೂ ಸಾಲಕ್ಕೂ ಒಂದು ಕೊಂಬಿನ ಅಂತರ,
ಅದನ್ನು ಕಿತ್ತವರು ಆ ಸೆಕೆಯಲ್ಲೂ
ಕೋಟು ಬಿಚ್ಚದೆ ಬಂದರು:
ಮೊದಲು ಹಿಟ್ಟಿನ ಸಬ್ಸಿಡಿ ತೆಗೆಯಿರಿ.
ತೆಗೆದರು. ಪೇಟೆ ಹೊತ್ತಿಕೊಂಡಿತು.
ಆ ವಾರ ಮಾಸ್ಟ್ರು ತ್ರೈರಾಶಿ ಹೇಳಿಕೊಡುತ್ತಿದ್ದರು.
ಮುಲೆಂಗ ಎಂಬ ಹುಡುಗ ಎದ್ದು ನಿಂತ:
"ತಾಮ್ರ ನಮ್ಮದು ಸರ್. ತಕ್ಕಡಿ ಯಾರದು?"
ಪುಸ್ತಕದ ಹಿಂದೆ ಉತ್ತರ ಇರಲಿಲ್ಲ.

ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದ ವರ್ಷ
ಅವರ ಸಿಸಿಲಿಯಾ ಬಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್.
ದಿಬ್ಬದ ಈಚೆ ಆಂಬುಲೆನ್ಸು, ಆಚೆ ಮಂಗಳೂರು.
ಆ ರಾತ್ರಿ ಫೋನಿನಲ್ಲಿ ಬೇರೆಯದೇ ಹೇಳಿದರು:
"ಎಪ್ಪತ್ತಮೂರರಲ್ಲಿ ತೆಂಕಣ ನೆರೆಯವ ಗಡಿ ಮುಚ್ಚಿದ.
ಆಮೇಲೆ ತೆರೆದೆ ಅಂದ. ಇವರು,
ಇನ್ನು ನಾವು ಮುಚ್ಚಿದೆವು ಅಂದರು.
ಅಷ್ಟು ತಾಮ್ರ ಇಟ್ಟುಕೊಂಡು ಕಡಲಿಲ್ಲದ ದೇಶ,
ಬಾಗಿಲು ತೆರೆದರೆ ನೆರೆಮನೆಯ ಅಂಗಳ.
ಚೀನದವರು ಬಂದು ಮೂಡಣ ಕಡಲಿಗೆ ಹಳಿ ಹಾಕಿಕೊಟ್ಟರು.
ನಮಗೆ ಕಡಲುಂಟು ತನಿಯಪ್ಪಾ.
ಹಳಿಯೂ ಉಂಟು..."
ಅಲ್ಲಿಗೇ ನಿಲ್ಲಿಸಿದರು. ನಾನು ಹ್ಞೂಂ ಅನ್ನಲಿಲ್ಲ.

ಮುಲೆಂಗ ಈಗ ವಾಟ್ಸಾಪಿನಲ್ಲಿ ಬರೆಯುತ್ತಾನೆ.
ಸರಕಾರ ಗಣಿ ಮಾರಿತು, ಸಾಲ ಮಾಡಿ ಅದನ್ನೇ ಮತ್ತೆ ಕೊಂಡಿತು,
ಈಗ ಇನ್ನೊಬ್ಬರ ಕೈಗೆ. ಬ್ಯಾಟರಿ ಕಾರಿಗೆ ತಾಮ್ರ ಬೇಕಲ್ಲ,
ದೊಡ್ಡ ದೇಶಗಳು ದಿನಕ್ಕೊಂದು ಹೂಗುಚ್ಛ ಹಿಡಿದು
ವಿಮಾನ ಇಳಿಯುತ್ತವೆಯಂತೆ.
"ಗುಂಡಿ ಅದೇ ಸರ್, ಇಳಿಯುವವರೂ ನಾವೇ.
ಗೇಟಿನ ಬೋರ್ಡಿಗೆ ಮಾತ್ರ ಹೊಸ ಭಾಷೆ."
ಓದಿ ಹೇಳಿದ ಮಾಸ್ಟ್ರು
ಎದುರಿನ ವಿಲೇಜ್ ಆಫೀಸಿನ ಬೋರ್ಡು ನೋಡಿ
ಕನ್ನಡಕ ಒರೆಸಿಕೊಂಡರು, ನಗು ಬಂದಿತ್ತು.

ಕಳೆದ ತಿಂಗಳು ಒಂದು ನಿಂತ ಗಡಿಯಾರ ತಂದರು.
ತಾಮ್ರದ ತಗಡಿನಲ್ಲಿ ಆ ದೇಶದ ನಕ್ಷೆ, ನಡುವೆ ಮುಳ್ಳು.
ತೂಕಕ್ಕಿಟ್ಟೆ, ಸುಮ್ಮನೆ, ಕೈಯ ಚಾಳಿ:
ಆರು ನೂರ ನಲವತ್ತು ಗ್ರಾಮು.
ಗುಜರಿಗೆ ಎಷ್ಟು ಬಂದೀತು ಅಂದರು. ಹೇಳಿದೆ.
"ಪರವಾಗಿಲ್ಲವೇ, ಏರಿದೆಯಲ್ಲ!" ಎಂದು
ಮುಲೆಂಗನ ಪರವಾಗಿ ಖುಷಿಪಟ್ಟರು.
ಹೊಸ ಸೆಲ್ಲು ಹಾಕಿದೆ. ಮುಳ್ಳು ತಾವೇ ತಿರುಗಿಸಿಟ್ಟರು.
ಒಯ್ಯಲಿಲ್ಲ. ಇಲ್ಲೇ ಇರಲಿ, ತಾಮ್ರದ ಜೊತೆ ತಾಮ್ರ.

ಇವತ್ತು ಐಸ್ ಪ್ಲಾಂಟಿನ ಅಂದುಂಞಿ ಜಗಳಕ್ಕೆ ನಿಂತ.
ಹೋದ ತಿಂಗಳ ರೇಟೇನು, ಈ ತಿಂಗಳದ್ದೇನು,
ಮೂವತ್ತಾರು ಸ್ಲಾಟಿಗೆ ಇಷ್ಟಾ?
ಗೋಡೆ ನೋಡಿ ಇನ್ನೂ ಸಿಟ್ಟಾದ:
"ನಿನ್ನ ಗಡಿಯಾರವೂ ಸುಳ್ಳು! ಮೂರೂವರೆ ಗಂಟೆ ಹಿಂದೆ!"

ಹಿಂದೆ ಅಲ್ಲ ಕಾಕ, ಅಂದೆ.
ಇಲ್ಲಿ ಒಂಬತ್ತೂವರೆ, ಅಲ್ಲಿ ಆರು.
ಮೊದಲ ಪಾಳಿ
ಈಗಷ್ಟೇ ಇಳಿಯುತ್ತಾ ಉಂಟು.